ಕಣ್ಣಿನ ಅಳತೆ, ಹೆಗಲಿನ ಅಳತೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಸಿದ್ದಾಪುರವೆಂಬ ಗ್ರಾಮವಿದೆ. ಸುತ್ತಲೂ ಬಂಡೆಗಳಿಂದ ತುಂಬಿದ ಬೆಟ್ಟಗಳು. ನಡುನಡುವೆ ಮಳೆಗಾಗಿ ಕಾದಿರುವ ಹೊಲಗಳು. ಈ ಗ್ರಾಮದ ಬಳಿಯಲ್ಲಿಯೂ ಸಮೀಪದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿಯೂ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನಕ್ಕೆ ಸೇರಿದ ಈ ಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಇವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲವೆಂಬ ಸ್ಥಳದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಇವುಗಳಲ್ಲಿದೆ. ಬರೆದವನು ಚಪಡನೆಂಬ ಲಿಪಿಕಾರ. ಅವನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ ಖರೋಷ್ಠೀ ಲಿಪಿಯಲ್ಲಿ ಬರೆದು ಮುಗಿಸಿದ್ದಾನೆ.

ಸುವರ್ಣಗಿರಿಯಿಂದ ಇಸಿಲಕ್ಕೆ ಬಂಡೆ ನಡೆದು ಬರಲಿಲ್ಲ. ಆಜ್ಞೆಯು ಯಾವುದೋ ಹಗುರವಾದ ವಸ್ತುವಿನ ಮೇಲೆ ಬರಹವಾಗಿಯೋ, ದೂತನ ನೆನಪಿನಲ್ಲಿ ಮಾತಾಗಿಯೋ ಬಂದಿರಬೇಕು. ಇಲ್ಲಿಗೆ ಬಂದ ಮೇಲೆ ಅದು ಬಂಡೆಯ ಮೇಲೆ ವಿಸ್ತಾರವಾಗಿ ಹರಡಿಕೊಂಡಿತು. ಹೊತ್ತು ತರುವವನಿಗೆ ಬರಹವು ಚಿಕ್ಕದಾಗಿರಬೇಕು. ನಿಂತು ಓದುವವನಿಗೆ ದೊಡ್ಡದಾಗಿರಬೇಕು. ಒಂದು ಹೆಗಲಿನ ಬೇಡಿಕೆ, ಮತ್ತೊಂದು ಕಣ್ಣಿನ ಬೇಡಿಕೆ. ಈ ಎರಡು ಬೇಡಿಕೆಗಳ ನಡುವಣ ವ್ಯಾಜ್ಯವು ಎರಡು ಸಾವಿರದ ಇನ್ನೂರು ವರ್ಷಗಳಿಗಿಂತಲೂ ಹಳೆಯದು. ಇಂದು ಅದು ಲ್ಯಾಪ್‌ಟಾಪ್ ಮಾರುವ ಅಂಗಡಿಯ ಮೇಜಿನ ಮೇಲೆ ಮತ್ತೆ ತಲೆಯೆತ್ತಿದೆ.

ಸಿದ್ದಾಪುರದಂತಹ ಊರಿನ ಒಂದು ಸಾಮಾನ್ಯ ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗಳು ಕಾಲೇಜಿಗೆ ಸೇರಿದ್ದಾಳೆ, ಮಗ ಪ್ರೌಢಶಾಲೆಯಲ್ಲಿದ್ದಾನೆ. ಶೇಂಗಾ ಮಾರಿದ ಹಣವೋ ಮಗ್ಗದ ಕೂಲಿಯೋ ಕೂಡಿಬಂದು ಮನೆಗೆ ಒಂದು ಲ್ಯಾಪ್‌ಟಾಪ್ ಕೊಳ್ಳುವ ಕಾಲ ಒದಗಿದೆ. ಅಂಗಡಿಯವನು ಮೂರು ಯಂತ್ರಗಳನ್ನು ಮುಂದಿಡುತ್ತಾನೆ. ಒಂದರ ಪರದೆ 11.6 ಅಂಗುಲ, ಇನ್ನೊಂದರದು 14 ಅಂಗುಲ, ಮತ್ತೊಂದರದು 15.6 ಅಂಗುಲ. ತಂದೆಗೆ ದೊಡ್ಡದು ಇಷ್ಟ. ಕೊಟ್ಟ ಹಣಕ್ಕೆ ಕಣ್ಣಿಗೆ ಕಾಣುವಂತಹ ವಸ್ತು ಬರಬೇಕೆಂಬುದು ಅವನ ಎಣಿಕೆ. ಮಗಳಿಗೆ ಚಿಕ್ಕದರ ಮೇಲೆ ಮನಸ್ಸು. ಬಸ್ಸಿನ ನೂಕುನುಗ್ಗಲಿನಲ್ಲಿ ಅದನ್ನು ಹೊರಬೇಕಾದವಳು ಅವಳು. ಹಣವುಳ್ಳವರು ತಪ್ಪಿದರೆ ಮರುವರ್ಷ ಬದಲಾಯಿಸಿಯಾರು. ಇಂತಹ ಮನೆಯಲ್ಲಿ ಒಮ್ಮೆ ಕೊಂಡದ್ದನ್ನು ಐದಾರು ವರ್ಷ ಬಳಸಲೇಬೇಕು. ತಪ್ಪು ಆಯ್ಕೆಯ ದಂಡವನ್ನು ಮಕ್ಕಳು ತಮ್ಮ ಕಣ್ಣು, ಕುತ್ತಿಗೆ, ಬೆನ್ನುಗಳಿಂದ ತೆರಬೇಕಾಗುತ್ತದೆ. ಆದಕಾರಣ ಈ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ಬರವಣಿಗೆಯ ಚರಿತ್ರೆಯನ್ನು ಅವಲೋಕಿಸಿದರೆ, ನಮ್ಮ ಹಿರಿಯರು ಈ ವ್ಯಾಜ್ಯವನ್ನು ಹೇಗೆ ಬಗೆಹರಿಸಿಕೊಂಡರೆಂಬುದು ತಿಳಿಯುತ್ತದೆ. ತಾಳೆಗರಿ ಹಗುರ, ಆದರೆ ಅದರ ಅಗಲ ಮರ ಕೊಟ್ಟಷ್ಟೇ. ಕೆಲವೇ ಸಾಲುಗಳನ್ನು ಉದ್ದುದ್ದವಾಗಿ ಬರೆಯಬೇಕು. ಓದುಗನ ಕಣ್ಣು ಎಡದಿಂದ ಬಲಕ್ಕೆ ದೂರ ಪಯಣಿಸಿ ಮತ್ತೆ ಹಿಂದಿರುಗಬೇಕು. ಕನ್ನಡ ನಾಡಿನಲ್ಲಿ ಬಳಕೆಯಲ್ಲಿದ್ದ ಕಡತವು ಇದಕ್ಕಿಂತ ಜಾಣತನದ ಸಾಧನ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಮಡಿಸಿದಾಗ ಕಂಕುಳಲ್ಲಿ ಅಡಗುವ ವಸ್ತು ಬಿಡಿಸಿದಾಗ ಮಾರುದ್ದವಾಗುತ್ತಿತ್ತು. ಇಂದು ಕಚೇರಿಯ ದಾಖಲೆಗಳ ಕಟ್ಟಿಗೆ ನಾವು ಹೇಳುವ ಕಡತವೆಂಬ ಹೆಸರು ಈ ಬಟ್ಟೆಯ ಪುಸ್ತಕದಿಂದಲೇ ಬಂದದ್ದು. ಮಡಿಸಿ ಒಯ್ಯುವುದು, ಬಿಡಿಸಿ ಬರೆಯುವುದು ಎಂಬ ಕಡತದ ಗುಣವೇ ಲ್ಯಾಪ್‌ಟಾಪಿನ ಗುಣವೂ ಹೌದು. ಆದರೆ ಲ್ಯಾಪ್‌ಟಾಪಿಗೆ ಒಂದೇ ಮಡಿಕೆ. ಆದ್ದರಿಂದ ಅದರ ಅಳತೆಯನ್ನು ಕೊಳ್ಳುವ ದಿನವೇ ನಿರ್ಧರಿಸಬೇಕು.

ಈ ಯಂತ್ರವನ್ನು ನಿರ್ಮಿಸಿದವರೂ ಒಂದೇ ಏಟಿಗೆ ಸರಿಯಾದ ಅಳತೆಯನ್ನು ಕಂಡವರಲ್ಲ. 1981ರಲ್ಲಿ ಅಮೆರಿಕದಲ್ಲಿ ಆಸ್ಬೋರ್ನ್ 1 ಎಂಬ ಕಂಪ್ಯೂಟರು ಮಾರಾಟಕ್ಕೆ ಬಂದಿತು. ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರವೆಂದು ಅದು ಹೆಸರಾಯಿತು. ಅದರ ಭಾರ ಸುಮಾರು 11 ಕಿಲೋಗ್ರಾಂ. ಪರದೆಯಾದರೋ ಕೇವಲ 5 ಅಂಗುಲ. ಹೆಗಲಿಗೆ ಭಾರ, ಕಣ್ಣಿಗೆ ಇಕ್ಕಟ್ಟು ಎಂಬ ಎರಡು ಕಷ್ಟಗಳೂ ಒಂದೇ ಪೆಟ್ಟಿಗೆಯಲ್ಲಿದ್ದವು. ಅನಂತರ ಯಂತ್ರಗಳು ಹಗುರವಾದವು. 2007ರಲ್ಲಿ ಆಸುಸ್ ಸಂಸ್ಥೆಯು 7 ಅಂಗುಲದ ಪರದೆಯುಳ್ಳ, ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಗುವ ಈ ಪಿಸಿ ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. ಜನ ಅದನ್ನು ಸಂತೋಷದಿಂದ ಕೊಂಡರು. ಆದರೆ ಅಷ್ಟು ಕಿರಿದಾದ ಪರದೆಯಲ್ಲಿ ಓದುವುದೂ, ಒತ್ತೊತ್ತಾದ ಕೀಲಿಗಳ ಮೇಲೆ ಬೆರಳಾಡಿಸುವುದೂ ಸುಲಭವಾಗಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅಂತಹ ಯಂತ್ರಗಳ ಪರದೆಗಳು 9, 10 ಅಂಗುಲಗಳಿಗೆ ಬೆಳೆದವು. ಆ್ಯಪಲ್ ಸಂಸ್ಥೆಯು 2010ರಲ್ಲಿ 11.6 ಅಂಗುಲದ ತೆಳುವಾದ ಲ್ಯಾಪ್‌ಟಾಪನ್ನು ತಂದಿತು. 2016ರಲ್ಲಿ ಅದನ್ನು ನಿಲ್ಲಿಸಿ, ಅದೇ ಬಗೆಯ 13.3 ಅಂಗುಲದ ಯಂತ್ರವನ್ನು ಮುಂದುವರಿಸಿತು.

ನಮ್ಮ ನಾಡಿನಲ್ಲಿಯೂ ಇಂತಹ ಒಂದು ಪ್ರಯತ್ನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ಎಂಜಿನಿಯರರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ರೂಪಿಸಿದರು. 2004ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಅಕ್ಷರ ಬಾರದವರಿಗೂ ಉಪಯೋಗವಾಗಲೆಂದು, ಭಾರತೀಯ ಭಾಷೆಗಳಲ್ಲಿ ಬರಹವನ್ನು ಧ್ವನಿಯಾಗಿಸಿ ಹೇಳುವ ಸೌಲಭ್ಯವನ್ನು ಅದರಲ್ಲಿ ಇರಿಸಿದ್ದರು. ಆ ಯಂತ್ರ ನಿರೀಕ್ಷಿಸಿದಷ್ಟು ಹರಡಲಿಲ್ಲವಾದರೂ ಅದರ ಹಿಂದಿನ ಆಲೋಚನೆ ಉದಾತ್ತವಾದದ್ದು. ಬೆಲೆ ಕೇಳಲು, ಸುದ್ದಿ ತಿಳಿಯಲು ಅಂಗೈಯಗಲ ಸಾಕು. ಇಂದು ಆ ಕೆಲಸವನ್ನು ಮೊಬೈಲ್ ದೂರವಾಣಿ ಮಾಡುತ್ತಿದೆ. ಆದರೆ ಒಂದು ಪ್ರಬಂಧವನ್ನು ಓದಿ, ಟಿಪ್ಪಣಿ ಮಾಡಿಕೊಂಡು, ಹತ್ತು ಪುಟ ಬರೆಯಬೇಕಾದ ವಿದ್ಯಾರ್ಥಿಗೆ ಅಂಗೈಯಗಲ ಸಾಲದು.

ಹಾಗಾದರೆ ಎಷ್ಟು ಅಗಲ ಬೇಕು? ಇದಕ್ಕೆ ಉತ್ತರ ಹುಡುಕುವ ಮೊದಲು ಅಂಗಡಿಯವನು ಹೇಳುವ ಸಂಖ್ಯೆಯ ಅರ್ಥವನ್ನು ಅರಿಯಬೇಕು. 14 ಅಂಗುಲವೆಂದರೆ ಪರದೆಯ ಉದ್ದವೂ ಅಲ್ಲ, ಅಗಲವೂ ಅಲ್ಲ. ಅದು ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಅಳತೆ. ಪೈಥಾಗೊರಸನ ಪ್ರಮೇಯವನ್ನು ಬಲ್ಲ ವಿದ್ಯಾರ್ಥಿಯು ಉಳಿದುದನ್ನು ತಾನೇ ಲೆಕ್ಕ ಹಾಕಬಹುದು. ಉದ್ದ ಮತ್ತು ಎತ್ತರಗಳು 16ಕ್ಕೆ 9ರ ಪ್ರಮಾಣದಲ್ಲಿದ್ದರೆ, 11.6 ಅಂಗುಲದ ಪರದೆ ಸುಮಾರು 25.7 ಸೆಂಟಿಮೀಟರ್ ಉದ್ದ, 14.4 ಸೆಂಟಿಮೀಟರ್ ಎತ್ತರ ಇರುತ್ತದೆ. 14 ಅಂಗುಲದ್ದು 31 ಸೆಂಟಿಮೀಟರ್ ಉದ್ದ, 17.4 ಸೆಂಟಿಮೀಟರ್ ಎತ್ತರ, 15.6 ಅಂಗುಲದ್ದು 34.5 ಸೆಂಟಿಮೀಟರ್ ಉದ್ದ, 19.4 ಸೆಂಟಿಮೀಟರ್ ಎತ್ತರ. 11.6ರಿಂದ 15.6ಕ್ಕೆ ಕರ್ಣವು ಹೆಚ್ಚುವುದು ಸುಮಾರು ಮೂರನೆಯ ಒಂದು ಪಾಲು ಮಾತ್ರ. ವಿಸ್ತೀರ್ಣವಾದರೋ ನೂರಕ್ಕೆ ಎಂಬತ್ತರಷ್ಟು ಹೆಚ್ಚುತ್ತದೆ. ಒಂದೆರಡು ಅಂಗುಲದಿಂದ ಏನಾದೀತು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಕರ್ಣ ಒಂದೇ ಆಗಿದ್ದರೂ ಆಕಾರ ಬೇರೆಯಾಗಬಹುದು. 16ಕ್ಕೆ 10ರ ಪ್ರಮಾಣದಲ್ಲಿರುವ 14 ಅಂಗುಲದ ಪರದೆಯ ಎತ್ತರ ಸುಮಾರು 18.8 ಸೆಂಟಿಮೀಟರ್. ಚಲನಚಿತ್ರ ನೋಡುವವನಿಗೆ ಉದ್ದ ಮುಖ್ಯ; ಪಾಠ ಓದುವವನಿಗೆ ಎತ್ತರ ಮುಖ್ಯ. ಎತ್ತರ ಹೆಚ್ಚಿದಷ್ಟೂ ಒಂದೇ ನೋಟಕ್ಕೆ ಹೆಚ್ಚು ಸಾಲುಗಳು ಸಿಗುತ್ತವೆ.

ಕನ್ನಡವನ್ನು ಓದುವವನಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಮೂಲಾಕ್ಷರದ ತಲೆಯ ಮೇಲೆ ಗುಡಿಸು ಬರುತ್ತದೆ, ಅಡಿಯಲ್ಲಿ ಒತ್ತಕ್ಷರ ಇಳಿಯುತ್ತದೆ. ರಾಷ್ಟ್ರ, ಲಕ್ಷ್ಮಿ ಎಂಬಂತಹ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಕುಳಿತಿರುತ್ತದೆ. ಅಕ್ಷರವನ್ನು ಕಿರಿದುಗೊಳಿಸಿದರೆ ಮೊದಲು ಮಸುಕಾಗುವುವು ಈ ಒತ್ತುಗಳೇ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಸೀಳು ಮಾತ್ರ. ಆ ಸೀಳು ಕಣ್ಣಿಗೆ ಕಾಣದಿದ್ದರೆ ‘ಧನ’ವು ‘ದನ’ವಾಗುತ್ತದೆ! ಅಕ್ಷರಗಳನ್ನು ಹಿಗ್ಗಿಸಿಕೊಂಡರೆ ಆಯಿತಲ್ಲ ಎಂದು ಕೆಲವರು ವಾದಿಸಬಹುದು. ಹಿಗ್ಗಿಸಬಹುದು, ನಿಜ. ಆದರೆ ಹಿಗ್ಗಿಸಿದಷ್ಟೂ ಪರದೆಯ ಮೇಲೆ ನಿಲ್ಲುವ ಸಾಲುಗಳು ಕಡಿಮೆಯಾಗುತ್ತವೆ. ಒಂದು ವಾಕ್ಯದ ಆದಿಯನ್ನು ಓದುವಾಗ ಅಂತ್ಯ ಕಾಣದು. ಅಂತ್ಯಕ್ಕೆ ಬಂದಾಗ ಆದಿ ಮೇಲಕ್ಕೆ ಸರಿದುಹೋಗಿರುತ್ತದೆ. ಕಿಟಕಿಯ ಸಂದಿನಿಂದ ರಥೋತ್ಸವವನ್ನು ನೋಡಿದಂತೆ, ಕಂಡದ್ದು ತುಣುಕು ತುಣುಕೇ ಆಗುತ್ತದೆ.

ಕಣ್ಣಿನ ಜೊತೆಗೆ ಕುತ್ತಿಗೆಯ ಮಾತೂ ಇದೆ. ಮನುಷ್ಯನ ತಲೆಯ ಭಾರ ಸುಮಾರು ಐದು ಕಿಲೋಗ್ರಾಂ. ನೇರವಾಗಿ ಕುಳಿತಾಗ ಬೆನ್ನುಮೂಳೆ ಅದನ್ನು ಸುಲಭವಾಗಿ ಹೊರುತ್ತದೆ. ತಲೆ ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯುಗಳ ಮೇಲಿನ ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಪರದೆಯು ಒಂದು ತೋಳಿನಷ್ಟು ದೂರದಲ್ಲಿರಬೇಕು, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿಯೋ ಅದಕ್ಕಿಂತ ತುಸು ಕೆಳಗೋ ಇರಬೇಕು ಎಂಬುದು ತಜ್ಞರ ಸಲಹೆ. ಪರದೆ ಬಹಳ ಚಿಕ್ಕದಾದರೆ ಅಕ್ಷರ ಕಾಣಲೆಂದು ದೇಹ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಒಂದು ತೋಳಿನ ದೂರ ಒಂದು ಗೇಣಿಗೆ ಇಳಿಯುತ್ತದೆ. ಪರದೆಯನ್ನೇ ದಿಟ್ಟಿಸುತ್ತಿರುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಬೆರಳುಗಳಿಗೂ ತಮ್ಮದೇ ಆದ ಅಳತೆಯುಂಟು. ಸಾಮಾನ್ಯ ಕೀಲಿಮಣೆಯಲ್ಲಿ ಒಂದು ಕೀಲಿಯ ಮಧ್ಯದಿಂದ ಮುಂದಿನ ಕೀಲಿಯ ಮಧ್ಯಕ್ಕೆ ಸುಮಾರು 19 ಮಿಲಿಮೀಟರ್ ಅಂತರವಿರುತ್ತದೆ. ಬಹಳ ಚಿಕ್ಕ ಯಂತ್ರಗಳಲ್ಲಿ ಈ ಅಂತರವನ್ನು ಕುಗ್ಗಿಸದೆ ಬೇರೆ ದಾರಿಯಿಲ್ಲ.

ಇಷ್ಟನ್ನು ಕೇಳಿದವರು, ದೊಡ್ಡ ಪರದೆಯೇ ಉತ್ತಮವೆಂದು ತೀರ್ಮಾನಿಸಬಹುದು. ಆದರೆ ಹೆಗಲಿನ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. 2019ರಲ್ಲಿ ಕರ್ನಾಟಕ ಸರ್ಕಾರವು ಶಾಲಾ ಮಕ್ಕಳ ಚೀಲದ ಭಾರಕ್ಕೆ ಮಿತಿಯನ್ನು ಗೊತ್ತುಪಡಿಸಿತು. ಅದರಂತೆ 9 ಮತ್ತು 10ನೆಯ ತರಗತಿಯವರ ಚೀಲ 4ರಿಂದ 5 ಕಿಲೋಗ್ರಾಮಿನೊಳಗಿರಬೇಕು. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯು ಚೀಲದ ಭಾರ ಮಗುವಿನ ತೂಕದ ನೂರಕ್ಕೆ ಹತ್ತರಷ್ಟನ್ನು ಮೀರಬಾರದೆಂದು ಹೇಳಿದೆ. ಕಾಲೇಜಿನ ವಿದ್ಯಾರ್ಥಿನಿಗೂ ಇದೇ ದೇಹಧರ್ಮ. ನಲವತ್ತೈದು ಕಿಲೋಗ್ರಾಂ ತೂಗುವವಳು ನಾಲ್ಕೂವರೆ ಕಿಲೋಗ್ರಾಂ ಹೊರಬಹುದು. 15.6 ಅಂಗುಲದ ಯಂತ್ರವೊಂದು ಎರಡು ಕಿಲೋಗ್ರಾಮಿನಷ್ಟು ತೂಗಿದರೆ, ವಿದ್ಯುತ್ ತುಂಬುವ ಚಾರ್ಜರಿನ ಭಾರವನ್ನೂ ಕೂಡಿಸಿ ಅವಳ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು ಅದೇ ಕಬಳಿಸುತ್ತದೆ. ಪುಸ್ತಕ, ಬುತ್ತಿ, ನೀರಿನ ಶೀಸೆ ಇವುಗಳಿಗೆ ಜಾಗವೆಲ್ಲಿ? ಬೆಳಗಿನ ಬಸ್ಸಿನಲ್ಲಿ ಚಳ್ಳಕೆರೆಗೋ ಮೊಳಕಾಲ್ಮೂರಿಗೋ ನಿಂತುಕೊಂಡೇ ಹೋಗುವವಳಿಗೆ ಅರ್ಧ ಕಿಲೋಗ್ರಾಮಿನ ಬೆಲೆ ಏನೆಂಬುದು ಗೊತ್ತು. ಭಾರವೆನಿಸಿದ ಯಂತ್ರ ಕೆಲವು ದಿನಗಳಲ್ಲಿ ಮನೆಯ ಕಪಾಟು ಸೇರುತ್ತದೆ. ತರಗತಿಯಲ್ಲಿ ಬೇಕಾದಾಗ ಜೊತೆಯಲ್ಲಿಲ್ಲದ ಯಂತ್ರದ ಪರದೆ ಎಷ್ಟು ದೊಡ್ಡದಾಗಿದ್ದರೇನು? ಅಲ್ಲದೆ, ಉಳಿದ ಭಾಗಗಳು ಸಮಾನವಾಗಿದ್ದರೆ ಚಿಕ್ಕ ಪರದೆ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ. ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ ಇದೂ ಗಣನೆಗೆ ಬರಬೇಕಾದ ಅಂಶ.

ಇಬ್ಬರ ವಾದವನ್ನೂ ಕೇಳಿದ ಮೇಲೆ ಒಂದು ಅಭಿಪ್ರಾಯಕ್ಕೆ ಬರುವುದು ಸಾಧ್ಯ. ದಿನವಿಡೀ ತಿರುಗಾಡುತ್ತಾ ನಡುನಡುವೆ ನಾಲ್ಕು ಸಾಲು ಬರೆದುಕೊಳ್ಳುವವರಿಗೆ 11 ಅಂಗುಲದ ಯಂತ್ರ ಹೊಂದೀತು. ಮನೆಯ ಮೇಜನ್ನು ಬಿಟ್ಟು ಕದಲದ ಕೆಲಸಕ್ಕೆ 15 ಅಂಗುಲಕ್ಕೂ ಮೇಲ್ಪಟ್ಟದ್ದು ಹಿತಕರ. ಆದರೆ ಒಂದೇ ಯಂತ್ರವನ್ನು ಕೊಳ್ಳಬಲ್ಲ ಮನೆಗೆ, ಅದನ್ನು ಹೊತ್ತು ಹೋಗುವ ಮಗಳಿಗೂ ಸಂಜೆ ಅದರ ಮುಂದೆ ಕುಳಿತು ಓದುವ ಮಗನಿಗೂ, 13ರಿಂದ 14 ಅಂಗುಲದ, ಒಂದೂವರೆ ಕಿಲೋಗ್ರಾಮಿಗೆ ಮೀರದ ಯಂತ್ರವೇ ಯೋಗ್ಯ. 13.3 ಅಂಗುಲದ ಪರದೆಯ ಉದ್ದ ಸುಮಾರು 29.4 ಸೆಂಟಿಮೀಟರ್, ನಾವು ದಿನವೂ ಬಳಸುವ ಎ4 ಕಾಗದದ ಉದ್ದ 29.7 ಸೆಂಟಿಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ಪುಸ್ತಕ, ಕಾಗದಗಳಿಗಾಗಿ ಹೊಲಿದ ಚೀಲದಲ್ಲಿ ಅಷ್ಟು ಅಗಲದ ಯಂತ್ರ ತಕರಾರಿಲ್ಲದೆ ಕೂರುತ್ತದೆ. ಆ ಉದ್ದದಲ್ಲಿ ಪೂರ್ಣಪ್ರಮಾಣದ ಕೀಲಿಮಣೆಗೂ ಸ್ಥಳ ದೊರೆಯುತ್ತದೆ.

ಇದರಿಂದ ಕಣ್ಣಿಗೆ ಸ್ವಲ್ಪ ಕೊರತೆಯಾಗುವುದಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಆಗುತ್ತದೆ, ಆದರೆ ಅದನ್ನು ತುಂಬಿಕೊಳ್ಳುವ ಉಪಾಯಗಳು ಮನೆಯಲ್ಲಿಯೇ ಇವೆ. ನಾಲ್ಕಾರು ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಅವುಗಳ ಮೇಲೆ ಯಂತ್ರವನ್ನಿರಿಸಿದರೆ ಪರದೆ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಕಡಿಮೆ ಬೆಲೆಗೆ ದೊರೆಯುವ ಪ್ರತ್ಯೇಕ ಕೀಲಿಮಣೆಯನ್ನು ಜೋಡಿಸಿಕೊಂಡರೆ ಕೈಗಳೂ ತಮ್ಮ ಸ್ಥಾನದಲ್ಲಿಯೇ ಉಳಿಯುತ್ತವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣನ್ನು ಪರದೆಯಿಂದ ಎತ್ತಿ ದೂರದ ಬೆಟ್ಟವನ್ನು ನೋಡಿದರೆ ಕಣ್ಣಿನ ದಣಿವು ಇಳಿಯುತ್ತದೆ. ಸಿದ್ದಾಪುರದಲ್ಲಿ ನೋಡಲು ಬೆಟ್ಟಗಳಿಗೇನೂ ಬರವಿಲ್ಲ. ಮುಂದೆ ಅನುಕೂಲವಾದಾಗ ಮನೆಯಲ್ಲಿ ಒಂದು ದೊಡ್ಡ ಪರದೆಯನ್ನು ಇದಕ್ಕೆ ಜೋಡಿಸಿಕೊಳ್ಳಬಹುದು. ಚಿಕ್ಕ ಯಂತ್ರವನ್ನು ಹೀಗೆ ಹಿರಿದಾಗಿಸಿಕೊಳ್ಳಬಹುದು; ಭಾರವಾದ ಯಂತ್ರವನ್ನು ಹಗುರವಾಗಿಸಿಕೊಳ್ಳುವ ಉಪಾಯ ಮಾತ್ರ ಯಾರಲ್ಲಿಯೂ ಇಲ್ಲ. ಎರಡರ ನಡುವೆ ಮನಸ್ಸು ತೂಗಾಡುವಾಗ ಹಗುರವಾದುದರ ಕಡೆಗೆ ವಾಲಬೇಕೆನ್ನುವುದು ಇದೇ ಕಾರಣದಿಂದ.

ಇಷ್ಟಾದರೂ ಸಂಖ್ಯೆಯನ್ನು ಮಾತ್ರ ನಂಬಿ ಕೊಳ್ಳುವುದು ವಿವೇಕವಲ್ಲ. ಅಂಗಡಿಯಲ್ಲಿ ಮೂರು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದು, ಪರದೆಯ ಮೇಲೆ ಒಂದು ಪುಟ ಕನ್ನಡವನ್ನು ತೆರೆದು, ತೋಳಿನ ದೂರದಲ್ಲಿ ನೆಟ್ಟಗೆ ಕುಳಿತು, ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುವುವೇ ಎಂದು ನೋಡುವುದು. ಎರಡನೆಯದು, ಹತ್ತು ಸಾಲು ಬರೆದು ಬೆರಳುಗಳು ಎಡವುವುವೇ ಎಂದು ಪರೀಕ್ಷಿಸುವುದು. ಮೂರನೆಯದು, ಚಾರ್ಜರಿನ ಸಮೇತ ಯಂತ್ರವನ್ನು ತನ್ನದೇ ಚೀಲದಲ್ಲಿ, ಪುಸ್ತಕಗಳ ಜೊತೆಯಲ್ಲಿ ಇಟ್ಟು, ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆಯುವುದು. ಈ ಪರೀಕ್ಷೆಗಳನ್ನು ಹಣ ಕೊಡುವವನು ಮಾಡಿದರೆ ಸಾಲದು, ಬಳಸುವವರು ಮಾಡಬೇಕು. ಚಪ್ಪಲಿಯನ್ನು ತಂದೆಯ ಕಾಲಿನ ಅಳತೆಗೆ ಕೊಂಡು ಮಗಳಿಗೆ ಕೊಡುವ ರೂಢಿ ಎಲ್ಲಿಯೂ ಇಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕುರಿಗಾಹಿಗಳ ಹೆಗಲಿನ ಮೇಲೆ ಕಂಬಳಿ ಇರುತ್ತದೆ. ಚಳ್ಳಕೆರೆಯ ಕಂಬಳಿ ಹೆಸರಾದದ್ದು. ಹಗಲು ಅದು ಹೆಗಲಿಗೆ ಹೊರೆಯಾಗಬಾರದು. ರಾತ್ರಿ ಹೊಲದಲ್ಲಿ ಮಂದೆಯ ಬಳಿ ಮಲಗಿದಾಗ ಕಾಲಿನಿಂದ ತಲೆಯವರೆಗೆ ಮುಚ್ಚಬೇಕು. ಕಿರಿದಾದರೆ ಚಳಿ, ಹಿರಿದಾದರೆ ಭಾರ. ಕುರಿಗಾಹಿಯು ಈ ಎರಡರ ನಡುವಣ ಅಳತೆಯನ್ನು ಅಂಗಡಿಯವನ ಮಾತಿನಿಂದ ಕಲಿಯಲಿಲ್ಲ; ತಾನು ನಡೆಯುವ ದಾರಿಯಿಂದಲೂ ಮಲಗುವ ನೆಲದಿಂದಲೂ ಕಲಿತನು. ಲ್ಯಾಪ್‌ಟಾಪನ್ನು ಆರಿಸುವ ವಿದ್ಯಾರ್ಥಿಯೂ ತಾನು ದಿನವೂ ಎಷ್ಟು ದೂರ ನಡೆಯಬೇಕು, ಎಷ್ಟು ಹೊತ್ತು ಕುಳಿತು ಓದಬೇಕು ಎಂಬುದನ್ನು ಮೊದಲು ಎಣಿಸಿಕೊಳ್ಳಲಿ. ಆ ಎಣಿಕೆ ಸರಿಯಾಗಿದ್ದರೆ ಅಂಗುಲದ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.